ಮೂರು ವರ್ಷದ ಭಾನುವಾರಗಳು

ಮೊದಲು ಒಂದು ಕತೆ.

1903ರ ಅಕ್ಟೋಬರ್ 31, ಶನಿವಾರ. ನ್ಯೂಯಾರ್ಕ್ ನಗರದಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ ನಡೆಯುತ್ತಿತ್ತು. ಅಂದಿನ ಪಟ್ಟಿಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬವನ ಪ್ರಬಂಧವೂ ಇತ್ತು. ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ಬಗ್ಗೆ ಅಂತ ಅದರ ತಲೆಬರಹ. ಕೋಲ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸೊಸೈಟಿಯ ಕಾರ್ಯದರ್ಶಿ, ಮಾತು ಕಡಿಮೆ. ಸರದಿ ಬಂದಾಗ ಎದ್ದು ಕಪ್ಪುಹಲಗೆಯ ಹತ್ತಿರ ಹೋದ. ಸೀಮೆಸುಣ್ಣ ಹಿಡಿದು 2ರ 67ನೇ ಘಾತವನ್ನು ಲೆಕ್ಕ ಹಾಕಿ, ಅದರಿಂದ 1 ಕಳೆದು, ಉತ್ತರ ಬರೆದ:

147573952589676412927

ಆಮೇಲೆ ಹಲಗೆಯ ಖಾಲಿ ಭಾಗಕ್ಕೆ ಸರಿದು ಎರಡು ಸಂಖ್ಯೆ ಬರೆದ: 193707721 ಮತ್ತು 761838257287. ಶಾಲೆಯ ಹುಡುಗರಂತೆ ಸಾಲಿನ ಕೆಳಗೆ ಸಾಲು ಇಟ್ಟು ಗುಣಿಸಿದ, ಕೂಡಿದ. ಬಂದ ಗುಣಲಬ್ಧ ಮೊದಲಿನ ಸಂಖ್ಯೆಯೇ. ಒಂದಂಕಿಯೂ ಹೆಚ್ಚುಕಮ್ಮಿಯಿಲ್ಲ. ಕೋಲ್ ಸೀಮೆಸುಣ್ಣ ಕೆಳಗಿಟ್ಟು ತನ್ನ ಜಾಗಕ್ಕೆ ಹೋಗಿ ಕೂತ. ಅಷ್ಟು ಹೊತ್ತೂ ಒಂದು ಮಾತು ಆಡಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಯಾರೂ ಪ್ರಶ್ನೆ ಕೇಳಲಿಲ್ಲ.

ಈ ಕತೆಯನ್ನು ನಮಗೆ ಹೇಳಿದವನು ಎರಿಕ್ ಟೆಂಪಲ್ ಬೆಲ್. ಆ ಸಂಖ್ಯೆಯನ್ನು ಒಡೆಯಲು ಎಷ್ಟು ಕಾಲ ಹಿಡಿಯಿತು ಎಂದು 1911ರಲ್ಲಿ ತಾನು ಕೋಲ್‌ನನ್ನು ಕೇಳಿದ್ದಾಗಿಯೂ, ಮೂರು ವರ್ಷದ ಭಾನುವಾರಗಳು ಎಂದು ಕೋಲ್ ಉತ್ತರಿಸಿದ್ದಾಗಿಯೂ ಅವನು ಬರೆದಿದ್ದಾನೆ.

ಗಣಿತದ ಪುಸ್ತಕಗಳಲ್ಲಿ ಇಷ್ಟು ಸಲ ಮರುಮುದ್ರಣಗೊಂಡ ಕತೆಗಳು ಕಡಿಮೆ. ನಿಜವೋ ಅಲ್ಲವೋ ಎಂಬ ಮಾತಿಗೆ ಕಡೆಯಲ್ಲಿ ಬರೋಣ. ಅದಕ್ಕೆ ಮುಂಚೆ ಆ ಸಂಖ್ಯೆಯನ್ನೇ ಸ್ವಲ್ಪ ನೋಡಬೇಕು. ಅದು ಹಲಗೆಯ ಮೇಲೆ ಬರುವ ಹೊತ್ತಿಗೆ ಅದರ ಬಗ್ಗೆ ಎರಡೂವರೆ ಶತಮಾನದಿಂದ ಜನ ಒಂದಲ್ಲ ಒಂದು ಮಾತು ಹೇಳುತ್ತಲೇ ಇದ್ದರು.

ಒಂದು ಕ್ಷಿತಿ, ನಾಲ್ಕು ಮಹಾಶಂಖ

ಚದುರಂಗದ ಮಣೆಯ ಕತೆ ನಮಗೆಲ್ಲ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ 64 ಮನೆ ತುಂಬಿದರೆ ಒಟ್ಟು ಕಾಳು 2⁶⁴ − 1. ರಾಜನ ಕಣಜ ಬರಿದಾಗುತ್ತದೆ. ನಮ್ಮ ಸಂಖ್ಯೆ ಅದೇ ಮಣೆಗೆ ಇನ್ನು ಮೂರು ಮನೆ ಸೇರಿಸಿದಾಗ ಬರುವುದು. ಮೂರೇ ಮನೆ, ಆದರೆ ಕಾಳು ಎಂಟು ಪಟ್ಟು, ಮೇಲೆ ಏಳು ಕಾಳು.

21 ಅಂಕಿಗಳ ಈ ಸಂಖ್ಯೆಯನ್ನು ಓದುವುದು ಹೇಗೆ? ಲಕ್ಷ ಕೋಟಿಗಳಲ್ಲಿ ಹೇಳಿದರೆ ಸುಮಾರು 14 ಲಕ್ಷ 75 ಸಾವಿರ ಕೋಟಿ ಕೋಟಿ ಎನ್ನಬೇಕು. ಬಾಯಿ ತೊದಲುತ್ತದೆ. ಆದರೆ ಕನ್ನಡನಾಡಿನಲ್ಲೇ ಇದಕ್ಕೆ ಬೇಕಾದ ಹೆಸರುಗಳು ಸಾವಿರ ವರ್ಷಕ್ಕೂ ಹಿಂದೆ ಸಿದ್ಧವಾಗಿದ್ದವು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ ಏಕದಿಂದ ಹಿಡಿದು 24 ಸ್ಥಾನಗಳಿಗೆ ಹೆಸರು ಕೊಡುತ್ತದೆ. ಕೋಟಿ, ದಶಕೋಟಿ, ಶತಕೋಟಿ ದಾಟಿದ ಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. 21ನೆಯ ಸ್ಥಾನ ಕ್ಷಿತಿ. ಹಾಗಾಗಿ ಕೋಲ್ ಬರೆದ ಸಂಖ್ಯೆಯನ್ನು ಮಹಾವೀರಾಚಾರ್ಯ ತಡವರಿಸದೆ ಓದಬಹುದಿತ್ತು: ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ, ಐದು ಮಹಾಕ್ಷೋಣಿ, ಏಳು ಕ್ಷೋಣಿ... ಹೀಗೆ ಕೊನೆಯ ಏಳರವರೆಗೆ.

ಮಹಾವೀರಾಚಾರ್ಯನಿಗೆ ಇನ್ನೊಂದು ಖಯಾಲಿಯೂ ಇತ್ತು. ಗುಣಿಸಿದಾಗ ಚೆಂದದ ವಿನ್ಯಾಸ ಮೂಡುವ ಸಂಖ್ಯೆಗಳನ್ನು ಹುಡುಕಿ ಅವನ್ನು ಕೊರಳ ಹಾರಗಳಿಗೆ ಹೋಲಿಸುತ್ತಿದ್ದ. 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳ ಸರ. ನಮ್ಮ ಸಂಖ್ಯೆಯೂ ಇಂಥದೇ ಒಂದು ಸರ, ಆದರೆ ಬೇರೆ ಬರವಣಿಗೆಯಲ್ಲಿ. ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ 2⁶⁷ − 1 ಅಂದರೆ ಸಾಲಾಗಿ 67 ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ. ಇಷ್ಟು ನಿಯಮಬದ್ಧವಾಗಿ ಕಾಣುವ ಸರದ ಒಳಗೆ ಏನಿದೆ ಎಂದು ತಿಳಿಯಲು ಯಾಕೆ ಅಷ್ಟು ಕಷ್ಟವಾಯಿತು?

ಪಾದ್ರಿಯ ಪಟ್ಟಿ

ಶುರುವಾದದ್ದು ಗ್ರೀಕರಿಂದ. ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳನ್ನು ಕೂಡಿದರೆ ತಾನೇ ಬರುವ ಸಂಖ್ಯೆಯನ್ನು ಅವರು ಪರಿಪೂರ್ಣ ಸಂಖ್ಯೆ ಎಂದರು. 6ರ ಭಾಜಕಗಳು 1, 2, 3. ಕೂಡಿದರೆ 6. ಮುಂದಿನವು 28, 496, 8128. ಇವುಗಳನ್ನು ಪಡೆಯುವ ದಾರಿಯನ್ನು ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಒಂಬತ್ತನೆಯ ಭಾಗದ ಕೊನೆಯಲ್ಲಿ ತೋರಿಸಿದ. 1, 2, 4, 8 ಎಂದು ಇಮ್ಮಡಿಸುತ್ತ ಕೂಡುತ್ತ ಹೋಗಿ. ಮೊತ್ತ ಎಲ್ಲಿ ಅವಿಭಾಜ್ಯ ಸಂಖ್ಯೆಯಾಗುತ್ತದೋ ಅಲ್ಲಿ ನಿಂತು, ಆ ಮೊತ್ತವನ್ನು ಕೊನೆಗೆ ಸೇರಿಸಿದ ಸಂಖ್ಯೆಯಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಕೈಗೆ ಬರುತ್ತದೆ. 1 + 2 + 4 = 7, ಇದು ಅವಿಭಾಜ್ಯ. 7 × 4 = 28.

ಹೀಗೆ ಬರುವ ಮೊತ್ತಗಳೆಲ್ಲ 2ರ ಒಂದು ಘಾತಕ್ಕಿಂತ ಒಂದು ಕಡಿಮೆ. ಇವುಗಳಲ್ಲಿ ಯಾವುವು ಅವಿಭಾಜ್ಯ ಎಂಬುದೇ ಪ್ರಶ್ನೆ. ಘಾತಾಂಕ ಅವಿಭಾಜ್ಯವಲ್ಲದಿದ್ದರೆ ಸಂಖ್ಯೆಯೂ ಅವಿಭಾಜ್ಯವಲ್ಲ, ಇದು ಸುಲಭ. ಘಾತಾಂಕ ಅವಿಭಾಜ್ಯವಾಗಿದ್ದರೆ ಸಂಖ್ಯೆಯೂ ಅವಿಭಾಜ್ಯವೇ? 2, 3, 5, 7 ತನಕ ಹೌದು. ಅದೇ ಭರವಸೆಯಲ್ಲಿ ಮುಂದೆ ಹೋದವರನ್ನು 11 ಮುಗ್ಗರಿಸಿತು. 2¹¹ − 1 = 2047 ಎಂಬುದು 23 × 89 ಎಂದು 1536ರಲ್ಲಿ ಹುಡಾಲ್ರಿಕಸ್ ರೇಗಿಯಸ್ ತೋರಿಸಿದ. ಅಂದರೆ ಘಾತಾಂಕ ನೋಡಿ ಜಾತಕ ಹೇಳುವಂತಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

1644ರಲ್ಲಿ ಪ್ಯಾರಿಸ್‌ನ ಪಾದ್ರಿ ಮರೆನ್ ಮರ್ಸೆನ್ ಒಂದು ಪುಸ್ತಕದ ಮುನ್ನುಡಿಯಲ್ಲಿ ಪಟ್ಟಿಯೊಂದನ್ನು ಕೊಟ್ಟ. ಘಾತಾಂಕ 257ರ ವರೆಗೆ ಹೋದರೆ 2, 3, 5, 7, 13, 17, 19, 31, 67, 127, 257 ಈ ಹನ್ನೊಂದಕ್ಕೆ ಮಾತ್ರ ಅವಿಭಾಜ್ಯ ಸಿಗುತ್ತದೆ, ಬೇರೆ ಯಾವುದಕ್ಕೂ ಇಲ್ಲ ಎಂದ. ಸಾಧನೆ ಕೊಡಲಿಲ್ಲ. ಕೊಡುವುದು ಸಾಧ್ಯವೂ ಇರಲಿಲ್ಲ. 2²⁵⁷ − 1ಕ್ಕೆ 78 ಅಂಕಿಗಳಿವೆ. ಅದನ್ನು ಆ ಕಾಲದಲ್ಲಿ ಯಾರೂ ಪರೀಕ್ಷಿಸಿರಲಾರರು ಎಂಬುದು ಓದಿದ ಎಲ್ಲರಿಗೂ ಗೊತ್ತಿತ್ತು.

ಆದರೂ ಆ ಪಟ್ಟಿಗೆ ತೂಕ ಬಂತು. ಮರ್ಸೆನ್ ಸಾಮಾನ್ಯ ಪಾದ್ರಿಯಲ್ಲ. ವಿಜ್ಞಾನದ ಪತ್ರಿಕೆಗಳೇ ಇಲ್ಲದ ಕಾಲದಲ್ಲಿ ಅವನ ಕೋಣೆಯೇ ಯುರೋಪಿನ ವಿಜ್ಞಾನದ ಅಂಚೆಮನೆ. ಡೆಕಾರ್ಟ್, ಫರ್ಮಾ ಮೊದಲಾದವರೆಲ್ಲ ಅವನಿಗೆ ಕಾಗದ ಬರೆಯುತ್ತಿದ್ದರು. ಒಬ್ಬನ ಸಂಗತಿಯನ್ನು ಇನ್ನೊಬ್ಬನಿಗೆ ತಲುಪಿಸುವವನು ಅವನು. ಅಂಥವನು ಹೇಳಿದ್ದಾನೆಂದರೆ ಏನೋ ಆಧಾರ ಇರಬೇಕು ಎಂದು ಜನ ನಂಬಿದರು. ಈ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಎಂಬ ಹೆಸರೇ ನಿಂತುಬಿಟ್ಟಿತು. ಒಂದು ಆಧಾರವಿಲ್ಲದ ಹೇಳಿಕೆ ಇಷ್ಟು ಕೆಲಸ ಮಾಡಿಸಿದ್ದು ವಿಚಿತ್ರ. ಹೌದೋ ಅಲ್ಲವೋ ನೋಡಿಯೇಬಿಡೋಣ ಎಂದು ಜನ ಮುನ್ನೂರು ವರ್ಷ ಲೆಕ್ಕ ಮಾಡಿದರು.

ಜರಡಿ

ಮರ್ಸೆನ್ ಪಟ್ಟಿ ಕೊಡುವ ನಾಲ್ಕು ವರ್ಷ ಮುಂಚೆಯೇ, 1640ರಲ್ಲಿ, ಫರ್ಮಾ ಅವನಿಗೆ ಒಂದು ಉಪಾಯ ತಿಳಿಸಿದ್ದ. ಘಾತಾಂಕ ಅವಿಭಾಜ್ಯವಾಗಿದ್ದರೆ, ಆ ಮರ್ಸೆನ್ ಸಂಖ್ಯೆಯನ್ನು ಭಾಗಿಸಬಲ್ಲ ಯಾವ ಅವಿಭಾಜ್ಯವೇ ಆಗಲಿ, ಘಾತಾಂಕದ ಎರಡರಷ್ಟರ ಮಗ್ಗಿಯಲ್ಲಿ ಬರುವ ಸಂಖ್ಯೆಗಿಂತ ಒಂದು ಹೆಚ್ಚಿರಲೇಬೇಕು. 37ನ್ನು ತೆಗೆದುಕೊಳ್ಳಿ. ಅದರ ಎರಡರಷ್ಟು 74. 74ರ ಮಗ್ಗಿಗೆ ಒಂದೊಂದು ಸೇರಿಸಿದರೆ 75, 149, 223... 75 ಅವಿಭಾಜ್ಯವಲ್ಲ, ಬಿಡಿ. 149ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. 223ರಿಂದ ಭಾಗಿಸಿದರೆ ಉಳಿಯುವುದಿಲ್ಲ. ಹನ್ನೆರಡು ಅಂಕಿಯ 2³⁷ − 1 ಎರಡನೆಯ ಪ್ರಯತ್ನಕ್ಕೇ ಒಡೆಯಿತು.

ಇದು ಜರಡಿ ಹಿಡಿಯುವ ಕೆಲಸ. ಜರಡಿಯ ಕಣ್ಣು ಸರಿಯಿದ್ದರೆ ಬೇಡದ ಕಾಳು ಬೇಗ ಉದುರುತ್ತದೆ. ಆಯ್ಲರ್ ಈ ಜರಡಿಗೆ ಇನ್ನೊಂದು ಪದರ ಸೇರಿಸಿದ. ಆ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಇರಬೇಕು. ಇದರಿಂದ ಉಳಿದ ಕೆಲಸ ಅರ್ಧಕ್ಕಿಳಿಯಿತು. ಹೀಗೆ ಜರಡಿ ಹಿಡಿದು, ಕಣ್ಣು ಬಹುತೇಕ ಹೋಗಿದ್ದ ಮುಪ್ಪಿನಲ್ಲಿ, 1772ರಲ್ಲಿ 2³¹ − 1, ಅಂದರೆ 2147483647 ಅವಿಭಾಜ್ಯ ಎಂದು ಆಯ್ಲರ್ ತಿಳಿಸಿದ. ಮರ್ಸೆನ್ ಪಟ್ಟಿಯ 31 ಸರಿಯಿತ್ತು. ಪಟ್ಟಿಯ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

31ರಿಂದ ಸಿಗುವ ಪರಿಪೂರ್ಣ ಸಂಖ್ಯೆ 2305843008139952128. ಇದಕ್ಕಿಂತ ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರು ಎಂದು 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಬರೆದ. ಅವನು ಕೊಟ್ಟ ಕಾರಣ ಸ್ವಾರಸ್ಯವಾಗಿದೆ. ಇವು ಬರೀ ಕುತೂಹಲದ ವಸ್ತುಗಳು, ಉಪಯೋಗವಿಲ್ಲ, ಹಾಗಾಗಿ ಯಾರೂ ಇದಕ್ಕಾಗಿ ಪಾಡುಪಡಲಿಕ್ಕಿಲ್ಲ ಎಂದು. ಬಾರ್ಲೋ ಗಣಿತ ಬಲ್ಲವನು. ಜನ ಯಾವುದಕ್ಕೆ ಪಾಡುಪಡುತ್ತಾರೆ ಎಂಬುದು ಮಾತ್ರ ಅವನ ಲೆಕ್ಕಕ್ಕೆ ಸಿಗಲಿಲ್ಲ.

ಅಲ್ಲ ಎಂದು ಗೊತ್ತು, ಏನೆಂದು ಗೊತ್ತಿಲ್ಲ

67ರ ಸರದಿ ಬಂದದ್ದು 1876ರಲ್ಲಿ. ಫ್ರಾನ್ಸಿನ ಎದುವಾರ್ ಲ್ಯೂಕಾ ಭಾಗಾಕಾರದ ಹಾದಿಯನ್ನೇ ಬಿಟ್ಟು ಹೊಸ ಪರೀಕ್ಷೆಯೊಂದನ್ನು ಕಂಡುಕೊಂಡಿದ್ದ. ಮುಂದೆ 1930ರಲ್ಲಿ ಲೆಮರ್ ತಿದ್ದಿ ಸರಳಗೊಳಿಸಿದ ರೂಪದಲ್ಲಿ ಅದನ್ನು ಹೈಸ್ಕೂಲು ಹುಡುಗರೂ ಮಾಡಬಹುದು. 4ರಿಂದ ಶುರುಮಾಡಿ. ವರ್ಗ ಮಾಡಿ 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆಯುವುದು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ.

31ಕ್ಕೆ ಮಾಡಿ ನೋಡೋಣ. ಅದು 2⁵ − 1, ಹಾಗಾಗಿ ಮೂರು ಸಲ ಸಾಕು. 4ರಿಂದ 14. 14ರಿಂದ 194, ಅದರ ಶೇಷ 8. 8ರಿಂದ 62, ಅದು 31ರ ಎರಡರಷ್ಟು, ಶೇಷ ಸೊನ್ನೆ. 31 ಗೆದ್ದಿತು. 2047ಕ್ಕೆ ಇದನ್ನೇ ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಸೋತಿತು. ಆದರೆ ಆ 1736ನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರಲ್ಲಿ 23 ಕಾಣುವುದಿಲ್ಲ, 89 ಕಾಣುವುದಿಲ್ಲ. ಬಾಗಿಲ ಆಚೆ ಯಾರೋ ಇದ್ದಾರೆ ಎಂದು ಪರೀಕ್ಷೆ ಹೇಳುತ್ತದೆ. ಯಾರು ಎಂದು ಹೇಳುವುದಿಲ್ಲ.

ತನ್ನ ವಿಧಾನದಿಂದ ಲ್ಯೂಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯ ಎಂದು ಸಾಧಿಸಿದ. ಯಂತ್ರದ ನೆರವಿಲ್ಲದೆ ಸಾಧಿಸಿದ ಅವಿಭಾಜ್ಯಗಳಲ್ಲಿ ಇವತ್ತಿಗೂ ಅದೇ ದೊಡ್ಡದು. ಅದೇ ವರ್ಷ 2⁶⁷ − 1 ಅವಿಭಾಜ್ಯವಲ್ಲ ಎಂದೂ ಹೇಳಿದ. 232 ವರ್ಷ ನಿಂತಿದ್ದ ಮರ್ಸೆನ್ ಮಾತಿನ ಮೊದಲ ಇಟ್ಟಿಗೆ ಕಳಚಿತು.

ಲ್ಯೂಕಾನಿಗೂ ಈ ಸಂಖ್ಯೆಗಳಿಗೂ ಇನ್ನೊಂದು ನಂಟಿದೆ, ಅದರಲ್ಲಿ ನಮ್ಮ ಕಾಶಿಯೂ ಬರುತ್ತದೆ. 1883ರಲ್ಲಿ ಅವನು ಬೇರೆ ಹೆಸರಿಟ್ಟುಕೊಂಡು ಮಾರಾಟಕ್ಕೆ ಬಿಟ್ಟ ಆಟಿಕೆಯೇ ‘ಹನೋಯ್ ಗೋಪುರ’. ಮೂರು ಕಂಬ, ಒಂದರಲ್ಲಿ ಗಾತ್ರದ ಕ್ರಮದಲ್ಲಿ ಪೇರಿಸಿದ ಬಿಲ್ಲೆಗಳು. ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ಒಂದೊಂದಾಗಿ ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಮೂರು ಬಿಲ್ಲೆಗೆ 7 ನಡೆ, ನಾಲ್ಕಕ್ಕೆ 15, ಐದಕ್ಕೆ 31. ಬರುವುದೆಲ್ಲ ಮರ್ಸೆನ್ ಮಾದರಿಯ ಸಂಖ್ಯೆಗಳೇ. ಇದರ ಬೆನ್ನಿಗೆ ಫ್ರಾನ್ಸಿನಲ್ಲಿ ಒಂದು ಪುರಾಣವೂ ಹುಟ್ಟಿಕೊಂಡಿತು. ಕಾಶಿಯ ದೇವಸ್ಥಾನದಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಹಗಲೂ ರಾತ್ರಿ ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂದು. ಕಾಶಿಯವರಿಗೆ ಗೊತ್ತಿಲ್ಲದ ಕಾಶಿಯ ಕತೆ! ಸೆಕೆಂಡಿಗೊಂದು ನಡೆಯಂತೆ ಸಾಗಿಸಿದರೂ ಅದಕ್ಕೆ ಸುಮಾರು 58 ಸಾವಿರ ಕೋಟಿ ವರ್ಷ ಬೇಕು. ಇನ್ನು ಮೂರು ಬಿಲ್ಲೆ ಸೇರಿಸಿದರೆ ನಡೆಗಳ ಎಣಿಕೆ ನಮ್ಮ ಸಂಖ್ಯೆ, ಕಾಲ ಸುಮಾರು 4 ಲಕ್ಷ 67 ಸಾವಿರ ಕೋಟಿ ವರ್ಷ.

ಮತ್ತೆ ಪಟ್ಟಿಗೆ ಬರೋಣ. 1883ರಲ್ಲೇ ರಷ್ಯಾದ ಹಳ್ಳಿಯೊಂದರ ಪಾದ್ರಿ ಇವಾನ್ ಪೆರ್ವುಶಿನ್ 2⁶¹ − 1 ಅವಿಭಾಜ್ಯ ಎಂದು ತೋರಿಸಿದ. ಮರ್ಸೆನ್ ಪಟ್ಟಿಯಲ್ಲಿ 61 ಇರಲಿಲ್ಲ. ಮರ್ಸೆನ್ 61 ಎಂದು ಬರೆದಿರಬೇಕು, ಅಚ್ಚಿನಲ್ಲಿ 67 ಆಗಿರಬೇಕು ಎಂದು ಕೆಲವರು ಸಮಾಧಾನ ಹೇಳಿಕೊಂಡರು. ಆದರೆ 1911 ಮತ್ತು 1914ರಲ್ಲಿ ಪಟ್ಟಿಯಲ್ಲಿಲ್ಲದ 89, 107 ಕೂಡ ಅವಿಭಾಜ್ಯ ಕೊಡುತ್ತವೆಂದು ಗೊತ್ತಾಯಿತು. ಆಮೇಲೆ 257 ಬಿದ್ದುಹೋಯಿತು. ಒಟ್ಟು ಐದು ತಪ್ಪು. ಐದಕ್ಕೂ ಅಚ್ಚಿನ ಮೊಳೆಯನ್ನೇ ದೂರುವುದು ಕಷ್ಟ.

ಭಾನುವಾರದ ಲೆಕ್ಕ

ಕೋಲ್‌ನ ಮುಂದೆ ಇದ್ದದ್ದು ಈ ಪ್ರಶ್ನೆ. ಸಂಖ್ಯೆ ಒಡೆಯುತ್ತದೆ ಎಂದು ಗೊತ್ತು. ಎಲ್ಲಿ ಒಡೆಯುತ್ತದೆ?

ಜರಡಿ ಹಿಡಿದೇ ನೋಡೋಣ. 67ರ ಎರಡರಷ್ಟು 134. ಭಾಜಕ 134ರ ಮಗ್ಗಿಗಿಂತ ಒಂದು ಹೆಚ್ಚಿರಬೇಕು: 135, 269, 403... ಕೋಲ್‌ಗೆ ಸಿಕ್ಕ 193707721 ಈ ಸಾಲಿನಲ್ಲಿ 14,45,580ನೆಯದು. ಆಯ್ಲರನ ಪದರವನ್ನೂ ಹಾಕಿ ಅರ್ಧ ಉದುರಿಸಿದರೆ ಉಳಿಯುವುದು ಸುಮಾರು 7 ಲಕ್ಷ 22 ಸಾವಿರ. ಮೂರು ವರ್ಷಕ್ಕೆ ಭಾನುವಾರಗಳು 156. ಪ್ರತಿ ಭಾನುವಾರ 4,600ಕ್ಕೂ ಹೆಚ್ಚು ಭಾಗಾಕಾರ! ಅದೂ 21 ಅಂಕಿಯ ಸಂಖ್ಯೆಯನ್ನು, ಪೆನ್ಸಿಲು ಕಾಗದದಲ್ಲಿ. ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ಮೇಲಾಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ತಿಳಿದಿರಲಿಲ್ಲ. ಸಂಖ್ಯೆಯ ವರ್ಗಮೂಲ 1,214 ಕೋಟಿ ದಾಟುತ್ತದೆ, ಅಲ್ಲಿಯವರೆಗೂ ಹೋಗಬೇಕಾಗಬಹುದಿತ್ತು.

ಆದ್ದರಿಂದ ಕೋಲ್ ಜರಡಿಯ ಮೇಲೆ ಜರಡಿ ಕಟ್ಟಿದ. ಯಾವ ಯಾವ ಸಂಖ್ಯೆಗಳು ಈ ಭಾಜಕದ ಮಟ್ಟಿಗೆ ವರ್ಗಶೇಷಗಳಾಗಿರಬೇಕು ಎಂಬುದನ್ನು ಒಂದೊಂದಾಗಿ ಹೊಂದಿಸಿದ. ಅಂಥ ಪ್ರತಿಯೊಂದು ಷರತ್ತೂ ಉಳಿದ ಅಭ್ಯರ್ಥಿಗಳಲ್ಲಿ ಸುಮಾರು ಅರ್ಧವನ್ನು ಹೊರಗೆ ಹಾಕುತ್ತದೆ. ಹತ್ತು ಷರತ್ತು ಸೇರಿದರೆ ಸಾವಿರಕ್ಕೆ ಒಂದು ಉಳಿಯುತ್ತದೆ. ಮೂರು ವರ್ಷದ ಭಾನುವಾರಗಳು ಹೋದದ್ದು ಹೆಚ್ಚಾಗಿ ಭಾಗಿಸುವುದಕ್ಕಲ್ಲ, ಯಾವುದನ್ನು ಭಾಗಿಸಬೇಕಾಗಿಲ್ಲ ಎಂದು ತಿಳಿಯುವುದಕ್ಕೆ.

ಈ ಲೇಖನ ಬರೆಯುವ ಮುಂಚೆ ಒಂದು ಭಾನುವಾರ ನಾನೂ ಗೀಟಿನ ಹಾಳೆ ತೆಗೆದುಕೊಂಡು ಆ ಎರಡು ಸಂಖ್ಯೆಗಳನ್ನು ಗುಣಿಸಿದೆ. ನೋಡಿದಷ್ಟು ಭಯಂಕರವಾಗಿಲ್ಲ. 193707721ರಲ್ಲಿ ಏಳು ಮೂರು ಸಲ ಬರುತ್ತದೆ, ಒಂದು ಎರಡು ಸಲ, ಒಂದು ಕಡೆ ಸೊನ್ನೆ. ಏಳರಿಂದ ಒಮ್ಮೆ ಗುಣಿಸಿ 5332867801009 ಎಂದು ಬರೆದುಕೊಂಡರೆ ಅದನ್ನೇ ಮೂರು ಕಡೆ ಜಾಗ ಬದಲಿಸಿ ಇಡಬಹುದು. ನಿಜವಾಗಿ ಗುಣಿಸಬೇಕಾದ್ದು 2, 3, 7, 9ರಿಂದ ಮಾತ್ರ. ಎಂಟು ಸಾಲು ಬರೆದು ಕೂಡುವಾಗ ಎರಡು ಸಲ ತಪ್ಪಿದೆ, ಮೂರನೆಯ ಸಲ ತಾಳೆಯಾಯಿತು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಅಂಕಿಯಿಂದ ಹಿಂದಕ್ಕೆ ಒಂದೊಂದೇ ಅಂಕಿ ಹೊಂದುತ್ತ ಹೋದಾಗ, ಉತ್ತರ ಮೊದಲೇ ಗೊತ್ತಿದ್ದರೂ, ಮೈ ಸಣ್ಣಗೆ ಜುಂ ಎಂದದ್ದು ಸುಳ್ಳಲ್ಲ.

ಹುಡುಕಲು ಮೂರು ವರ್ಷ, ತಾಳೆ ನೋಡಲು ಮುಕ್ಕಾಲು ಗಂಟೆ. ಈ ಅಂತರವೇ ಮುಂದೆ ಬಹಳ ದೊಡ್ಡ ಕೆಲಸಕ್ಕೆ ಬಂತು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಇದನ್ನೇ ಬೀಗವನ್ನಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಎಲ್ಲರಿಗೂ ತೋರಿಸಿ, ಅಪವರ್ತನಗಳನ್ನು ಮಾತ್ರ ನಿಮ್ಮಲ್ಲಿಟ್ಟುಕೊಳ್ಳಿ. ಬೀಗ ಬೀದಿಯಲ್ಲಿ, ಕೀಲಿ ಕಿಸೆಯಲ್ಲಿ. ಅಂದು ಅವರು ಪಂಥಕ್ಕಿಟ್ಟ 129 ಅಂಕಿಗಳ ಸಂಖ್ಯೆ ಒಡೆದದ್ದು 1994ರಲ್ಲಿ. ಇವತ್ತು ಈ ಬಗೆಯ ಬೀಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕಿಗಳು. ಕೋಲ್‌ನ ಸಂಖ್ಯೆಯನ್ನಾದರೆ ಜೇಬಿನಲ್ಲಿರುವ ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದುಬಿಡುತ್ತದೆ. ಉಪಯೋಗವಿಲ್ಲ ಎಂದಿದ್ದ ಬಾರ್ಲೋ ನೋಡಬೇಕಿತ್ತು.

ಈಗ ಅದರ ವಿಳಾಸ

ಒಡೆದ ಮೇಲೆ ಆ ಸಂಖ್ಯೆ ಎಲ್ಲಿ ಸೇರಿತು? ಅದು ಸಂಯುಕ್ತ ಸಂಖ್ಯೆ. ಸಂಯುಕ್ತಗಳಲ್ಲೂ ಎರಡೇ ಅವಿಭಾಜ್ಯಗಳ ಗುಣಲಬ್ಧವಾದ ಸಣ್ಣ ಪಂಗಡಕ್ಕೆ ಸೇರಿದ್ದು. ಬೀಗದ ಕೆಲಸಕ್ಕೆ ಬರುವ ಸಂಖ್ಯೆಗಳ ಪಂಗಡ ಇದೇ.

ಕ್ರಿಸ್ತಶಕ 100ರ ಸುಮಾರಿನಲ್ಲಿದ್ದ ನಿಕೊಮಾಕಸ್ ಸಂಖ್ಯೆಗಳನ್ನು ನ್ಯೂನ, ಅಧಿಕ, ಪರಿಪೂರ್ಣ ಎಂದು ವಿಂಗಡಿಸಿದ್ದ. ಭಾಜಕಗಳ ಮೊತ್ತ ಸಂಖ್ಯೆಗಿಂತ ಹೆಚ್ಚಾದರೆ ಅಧಿಕ, ಕಡಿಮೆಯಾದರೆ ನ್ಯೂನ. ಅಧಿಕವನ್ನು ಅಂಗಾಂಗ ಹೆಚ್ಚಾದ ಪ್ರಾಣಿಗೂ ನ್ಯೂನವನ್ನು ಅಂಗ ಕಡಿಮೆಯಾದ ಪ್ರಾಣಿಗೂ ಅವನು ಹೋಲಿಸಿದ. ನಮ್ಮ ಸಂಖ್ಯೆಗೆ ತನ್ನನ್ನು ಬಿಟ್ಟರೆ ಮೂರೇ ಭಾಜಕಗಳು: 1 ಮತ್ತು ಕೋಲ್ ಕೊಟ್ಟ ಎರಡು. ಮೊತ್ತ 762031965009. ಸಂಖ್ಯೆಯ ಹತ್ತೊಂಬತ್ತು ಕೋಟಿಯಲ್ಲಿ ಒಂದು ಪಾಲೂ ಆಗುವುದಿಲ್ಲ. ಹಾಗಾಗಿ ಅದು ನ್ಯೂನಾತಿನ್ಯೂನ. ಅದು ಅವಿಭಾಜ್ಯವಾಗಿದ್ದಿದ್ದರೆ 2⁶⁶ರಿಂದ ಗುಣಿಸಿದಾಗ ಯೂಕ್ಲಿಡ್ ಹೇಳಿದಂತೆ ಪರಿಪೂರ್ಣ ಸಂಖ್ಯೆ ಬರುತ್ತಿತ್ತು. ಅವಿಭಾಜ್ಯವಲ್ಲದ್ದರಿಂದ ಆ ಗುಣಲಬ್ಧ ಅಧಿಕದ ಸಾಲಿಗೆ ಸೇರಿತು.

ಇನ್ನೊಂದು ವರ್ಗವೂ ಇದೆ. ಫರ್ಮಾನದೇ ಒಂದು ನಿಯಮದ ಪ್ರಕಾರ ಯಾವ ಅವಿಭಾಜ್ಯವನ್ನೇ ತೆಗೆದುಕೊಂಡರೂ, 2ನ್ನು ಅಷ್ಟು ಘಾತಕ್ಕೇರಿಸಿ 2 ಕಳೆದರೆ ಬರುವುದು ಅದರಿಂದ ಭಾಗವಾಗುತ್ತದೆ. ಸಂಯುಕ್ತಗಳು ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತವೆ. ನಮ್ಮ ಸಂಖ್ಯೆ ಸಿಕ್ಕಿಬೀಳುವುದಿಲ್ಲ. ಘಾತಾಂಕ ಅವಿಭಾಜ್ಯವಾದ ಮರ್ಸೆನ್ ಸಂಖ್ಯೆಗಳೆಲ್ಲವೂ, ತಾವು ಅವಿಭಾಜ್ಯವಾಗಿರಲಿ ಬಿಡಲಿ, ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಇಂಥ ಸಂಯುಕ್ತಗಳನ್ನು ಹುಸಿ ಅವಿಭಾಜ್ಯ ಎನ್ನುತ್ತಾರೆ. ಪಾಪ, ಮರ್ಸೆನ್ ಮೋಸಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮರ್ಸೆನ್ ಅವಿಭಾಜ್ಯಗಳ ಹುಡುಕಾಟ ನಿಂತಿಲ್ಲ. 1996ರಿಂದ ಸಾವಿರಾರು ಜನ ತಮ್ಮ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಇದಕ್ಕೆ ಕೊಡುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ್ದು 52ನೆಯದು, 2ರ 136279841ನೇ ಘಾತಕ್ಕಿಂತ ಒಂದು ಕಡಿಮೆ. ಅದಕ್ಕೆ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳು. ಅದನ್ನು ಸಾಧಿಸಿದ್ದು ಇವತ್ತಿಗೂ ಲ್ಯೂಕಾನ ಪರೀಕ್ಷೆಯೇ.

ನಂಬುವ ಬಗೆ

ಇನ್ನು ಮೊದಲು ಹೇಳಿದ ಕತೆ. ಬೆಲ್ ಅದನ್ನು ಬರೆದದ್ದು 1951ರ ಪುಸ್ತಕದಲ್ಲಿ, ಸಭೆ ನಡೆದು 48 ವರ್ಷದ ಮೇಲೆ. 1903ರಲ್ಲಿ ಅವನು ಆ ಸಭೆಯಲ್ಲಿರಲಿಲ್ಲ. ಆಗಿನ್ನೂ ಅಮೆರಿಕದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿ. ಅವನು ಒಳ್ಳೆಯ ಕತೆಗಾರ, ಬೇರೊಂದು ಹೆಸರಿನಲ್ಲಿ ವೈಜ್ಞಾನಿಕ ಕಾದಂಬರಿಗಳನ್ನೂ ಬರೆದವನು. ಗಣಿತಜ್ಞ ಗಾಲ್ವಾನ ಬದುಕನ್ನು ಬರೆಯುವಾಗ ಅವನು ಕಲ್ಪನೆ ಬೆರೆಸಿದ್ದನ್ನು ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಆ ಮೌನ, ಆ ಚಪ್ಪಾಳೆಗಳನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬೇಕು. ಸಭೆ ನಡೆದದ್ದು ಮತ್ತು ಕೋಲ್‌ನ ಪ್ರಬಂಧ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು ದಾಖಲೆಯಲ್ಲಿದೆ.

ಯೋಚಿಸಿದರೆ ಈ ಒಂದು ಸಂಖ್ಯೆಯ ಸುತ್ತ ನಾಲ್ಕು ಬಗೆಯ ನಂಬಿಕೆ ಕಾಣುತ್ತದೆ. ಮರ್ಸೆನ್ ಹೇಳಿದ್ದನ್ನು ಜನ ನಂಬಿದ್ದು ಹೇಳಿದವನು ದೊಡ್ಡವನು ಎಂದು. ಲ್ಯೂಕಾ ಹೇಳಿದ್ದನ್ನು ನಂಬಬೇಕಾದರೆ ಅವನ ಸಿದ್ಧಾಂತ ತಿಳಿಯಬೇಕು, ಉದ್ದದ ಲೆಕ್ಕದಲ್ಲಿ ಎಲ್ಲೂ ಕೈತಪ್ಪಿಲ್ಲ ಎಂದು ಒಪ್ಪಬೇಕು. ಬೆಲ್ ಹೇಳಿದ್ದನ್ನು ನಾವು ನಂಬುವುದು ಕತೆ ಚೆನ್ನಾಗಿದೆ ಎಂದು. ಕೋಲ್ ಒಬ್ಬನೇ ನಮ್ಮಿಂದ ಯಾವ ನಂಬಿಕೆಯನ್ನೂ ಕೇಳುವುದಿಲ್ಲ. ಅವನ ಹೆಸರು ಗೊತ್ತಿರಬೇಕಾಗಿಲ್ಲ, ಅವನ ದಾರಿ ತಿಳಿದಿರಬೇಕಾಗಿಲ್ಲ. ಮಗ್ಗಿ ಬರುವ ಯಾವ ಮಗುವೂ ಕಾಗದದ ಮೇಲೆ ಗುಣಿಸಿ ನೋಡಬಹುದು.

ಅದಕ್ಕೇ ಇರಬೇಕು, ಅವನು ಮಾತಾಡದೆ ಕೂತ ಎಂಬ ಕತೆ ನಮಗೆ ಇಷ್ಟು ಹಿಡಿಸುವುದು. ನಿಜವಾಗಿ ಅಂದು ಅವನು ಒಂದೆರಡು ಮಾತು ಆಡಿದ್ದಿರಬಹುದು. ಆಡುವ ಅಗತ್ಯ ಮಾತ್ರ ಇರಲಿಲ್ಲ.

1920ರಲ್ಲಿ ಕಾರ್ಯದರ್ಶಿ ಸ್ಥಾನದಿಂದ ಇಳಿಯುವಾಗ ಗೆಳೆಯರೆಲ್ಲ ಕೂಡಿಸಿ ಕೊಟ್ಟ ಹಣವನ್ನು ಕೋಲ್ ತಾನಿಟ್ಟುಕೊಳ್ಳದೆ ಸೊಸೈಟಿಗೇ ಹಿಂದಿರುಗಿಸಿದ. ಅದರಿಂದ ಹುಟ್ಟಿದ ಕೋಲ್ ಪ್ರಶಸ್ತಿ ಇವತ್ತಿಗೂ ಬೀಜಗಣಿತ ಮತ್ತು ಸಂಖ್ಯಾಶಾಸ್ತ್ರದ ದೊಡ್ಡ ಗೌರವಗಳಲ್ಲಿ ಒಂದು. 1926ರಲ್ಲಿ ಅವನು ತೀರಿಕೊಂಡ. ಮರ್ಸೆನ್ ಪಟ್ಟಿಯ ಪೂರ್ತಿ ತಾಳೆ ಮುಗಿದದ್ದು ಅದಾಗಿ ಎರಡು ದಶಕದ ಮೇಲೆ, 1947ರಲ್ಲಿ.

ಬಿಡುವಿದ್ದರೆ ಈ ಭಾನುವಾರ ನೀವೂ ಗುಣಿಸಿ ನೋಡಿ. ಏಳರ ಸಾಲನ್ನು ಮಾತ್ರ ಜೋಪಾನವಾಗಿ ಬರೆದುಕೊಳ್ಳಿ, ಅದು ಮೂರು ಸಲ ಬೇಕಾಗುತ್ತದೆ.